ಗುಜರಿ ಪಟ್ಟಿಗೆ ಬರೆಯುವ ಮುನ್ನ: ವಿಜಯಪುರ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಈ ಪತ್ರ ನಿಮಗೆ. ಜೊತೆಗೆ, ಹಳೆ ಕಂಪ್ಯೂಟರ್‌ಗಳನ್ನು ಕೋಣೆಯಲ್ಲಿ ಪೇರಿಸಿಟ್ಟುಕೊಂಡಿರುವ ಜಿಲ್ಲೆಯ ಕಾಲೇಜು, ಸಹಕಾರಿ ಬ್ಯಾಂಕು, ಸಕ್ಕರೆ ಕಾರ್ಖಾನೆ, ಸರ್ಕಾರಿ ಕಚೇರಿಗಳ ಮುಖ್ಯಸ್ಥರಿಗೂ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಇರಲೇಬೇಕು. ಹೀಗಾಗಿ 4ನೇ, 6ನೇ, 7ನೇ ತಲೆಮಾರಿನ ಐ3, ಐ5 ಕಂಪ್ಯೂಟರ್‌ಗಳು ಒಂದೇ ಸಲಕ್ಕೆ ಕಚೇರಿಗಳಿಂದ ಹೊರಬೀಳುತ್ತಿವೆ. ಇವು ಕೆಟ್ಟಿಲ್ಲ. ಲೆಕ್ಕದ ಪುಸ್ತಕದಲ್ಲಷ್ಟೇ ಸತ್ತಿವೆ: ಆದಾಯ ತೆರಿಗೆ ನಿಯಮದ ಶೇ. 40ರ ಸವಕಳಿ ಹಾಕುತ್ತ ಹೋದರೆ 50,000 ರೂಪಾಯಿಯ ಯಂತ್ರದ ಬೆಲೆ 5 ವರ್ಷಕ್ಕೆ 3,888 ರೂಪಾಯಿ. ಅದೇ ಜಿಲ್ಲೆಯಲ್ಲಿ ನಿಮ್ಮ ಅಧೀನದ ಗ್ರಾಮ ಪಂಚಾಯತಿ ಗ್ರಂಥಾಲಯಗಳು, ಈಗ ಅರಿವು ಕೇಂದ್ರ ಎನ್ನುತ್ತೇವಲ್ಲ, ಕಂಪ್ಯೂಟರ್ ಬೇಕೆಂದು ಬೇಡಿಕೆ ಬರೆಯುತ್ತಿವೆ. ಕೊಡುವವರಿದ್ದಾರೆ, ಬೇಕೆನ್ನುವವರಿದ್ದಾರೆ. ನಡುವೆ ಇರಬೇಕಾದ ಒಂದು ಕೋಣೆ ಮತ್ತು ಒಂದು ಸುತ್ತೋಲೆ ಇಲ್ಲ. ನಾವು ಕೇಳುತ್ತಿರುವುದು ಇವೆರಡನ್ನೇ.

ಮೊದಲು ಸುತ್ತೋಲೆಯ ಮಾತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ತ್ಯಾಜ್ಯವೆಂದು ಎಸೆದದ್ದೇ ಇ-ತ್ಯಾಜ್ಯ. ಕಚೇರಿಯೊಂದು ಕಂಪ್ಯೂಟರನ್ನು ನಿರುಪಯುಕ್ತ ಎಂದು ಬರೆದು ಗುಜರಿ ಪಟ್ಟಿಗೆ ಹಾಕಿತೆಂದರೆ ಆಮೇಲೆ ಅದು ನೋಂದಾಯಿತ ಉತ್ಪಾದಕರು, ರೀಫರ್ಬಿಶರ್ (ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವವರು) ಅಥವಾ ಮರುಬಳಕೆದಾರರ (ರೀಸೈಕ್ಲರ್) ಕೈಗೇ ಹೋಗಬೇಕು, ಗ್ರಂಥಾಲಯಕ್ಕೆ ನೇರವಾಗಿ ಬರುವ ದಾರಿ ಮುಚ್ಚಿದಂತೆ. ಪಟ್ಟಿ ಬರೆಯುವ ಮುನ್ನ, ಇನ್ನೂ ಸ್ವತ್ತಾಗಿರುವಾಗಲೇ ವರ್ಗಾಯಿಸಿದರೆ ಅದು ಕಂಪ್ಯೂಟರ್ ಆಗಿಯೇ ಉಳಿಯುತ್ತದೆ. ಆದ್ದರಿಂದ ನಿಮ್ಮ ವ್ಯಾಪ್ತಿಯ ಎಲ್ಲ ಕಚೇರಿಗಳಿಗೆ ಒಂದು ಆದೇಶ ಹೋಗಲಿ: ತಂತ್ರಜ್ಞರು ನೋಡಿ ಸಹಿ ಹಾಕದೆ ಯಾವ ಕಂಪ್ಯೂಟರನ್ನೂ ನಿರುಪಯುಕ್ತ ಎಂದು ಬರೆಯಬಾರದು. ದುರಸ್ತಿ ಕೋಣೆ ದೊಡ್ಡದಾಗಿ ನಡೆಯುವುದಾದರೆ ಅದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ರೀಫರ್ಬಿಶರ್ ಎಂದು ನೋಂದಾಯಿಸಬೇಕು. ಇದನ್ನು ಆಮೇಲೆ ನೋಡೋಣ ಎಂದು ಬಿಟ್ಟರೆ ಮುಂದೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತದೆ.

ಇಷ್ಟಾದ ಮೇಲೆ "ಹಾಗಾದರೆ ಎಲ್ಲವನ್ನೂ ಲಾರಿಗೆ ಹಾಕಿ ಹಳ್ಳಿಗಳಿಗೆ ಕಳಿಸಿಬಿಡೋಣ" ಎಂದು ಯಾರಾದರೂ ಉತ್ಸಾಹದಿಂದ ಹೇಳಬಹುದು. ದಯವಿಟ್ಟು ಬೇಡ. ಯುರೋಪು, ಅಮೆರಿಕಗಳಿಂದ ದಾನ, ಮರುಬಳಕೆ ಎಂಬ ಹೆಸರಿನಲ್ಲಿ ಘಾನಾ, ನೈಜೀರಿಯಾಗಳಿಗೆ ಹೋದ ಕಂಟೇನರ್‌ಗಳಲ್ಲಿ ಎಷ್ಟೋ ಯಂತ್ರಗಳು ಆನ್ ಆಗುವಂಥವೇ ಇರಲಿಲ್ಲ. ಅಕ್ರಾ ನಗರದ ಅಗ್ಬೊಗ್ಬ್ಲೋಶಿಯಲ್ಲಿ ವೈರು ಸುಟ್ಟು ತಾಮ್ರ ತೆಗೆಯುವ ಹೊಗೆಯನ್ನು ಜಗತ್ತೇ ನೋಡಿತು. ಘಾನಾ ಮತ್ತು ಸ್ವಿಟ್ಜರ್‌ಲೆಂಡ್ ಸೇರಿ ತಂದ ತಿದ್ದುಪಡಿಯಿಂದಾಗಿ 2025ರ ಜನವರಿ 1ರಿಂದ ಬಾಸೆಲ್ ಒಪ್ಪಂದದಡಿ ಯಾವುದೇ ಇ-ತ್ಯಾಜ್ಯ ಗಡಿ ದಾಟಬೇಕಾದರೆ ತರಿಸಿಕೊಳ್ಳುವ ದೇಶದ ಪೂರ್ವಾನುಮತಿ ಬೇಕು. ದೇಶದೇಶಗಳ ನಡುವೆ ನಡೆದದ್ದೇ ಜಿಲ್ಲಾ ಕೇಂದ್ರ ಮತ್ತು ಹಳ್ಳಿಯ ನಡುವೆಯೂ ನಡೆಯುತ್ತದೆ. ಪಟ್ಟಣದವರ ಕಸ ತೆಗೆಯುವ ಖರ್ಚು ಉಳಿಯುತ್ತದೆ, ಹಳ್ಳಿಯ ಬೀರು ತುಂಬುತ್ತದೆ. ಪರೀಕ್ಷಿಸದೆ ಕೊಟ್ಟದ್ದನ್ನು ನಾವು ದಾನ ಎನ್ನುವುದಿಲ್ಲ.

ಅಮೆರಿಕ, ಲಂಡನ್‌ಗಳಲ್ಲಿರುವ ನಮ್ಮ ಜಿಲ್ಲೆಯವರು ಹಳೆ ಲ್ಯಾಪ್‌ಟಾಪ್ ಕಳಿಸಲೇ ಎಂದು ಕೇಳುವುದುಂಟು. ಹಡಗಿನ ಬಾಡಿಗೆ, ಕಸ್ಟಮ್ಸ್, ಆಮದು ಅನುಮತಿಯ ಉಸಾಬರಿ ಎಲ್ಲ ಸೇರಿದರೆ ಆ ದುಡ್ಡಿಗೆ ಇಲ್ಲೇ ಹಲವು ಯಂತ್ರ ಸಿದ್ಧವಾಗುತ್ತವೆ. ಅವರು ಬಿಡಿಭಾಗದ ಖರ್ಚು ಕೊಡಲಿ, ಸಾಕು.

ಇನ್ನು ಕೋಣೆ. ಸರ್ಕಾರಿ ಐಟಿಐ ಅಥವಾ ಪಾಲಿಟೆಕ್ನಿಕ್‌ನ ಒಂದು ಲ್ಯಾಬ್ ಸಾಕು. ಎಂಟು ಮೇಜು, ಸರಿಯಾದ ಅರ್ತಿಂಗ್, ಧೂಳು ಊದಲು ಹೊರಗೊಂದು ಜಗಲಿ. ಇಬ್ಬರು ತಂತ್ರಜ್ಞರಿದ್ದರೆ ಉಳಿದ ಕೈಗಳಿಗೆ ಕೋಪಾ (ಕಂಪ್ಯೂಟರ್ ಆಪರೇಟರ್) ಟ್ರೇಡ್‌ನ ವಿದ್ಯಾರ್ಥಿಗಳೇ ಇದ್ದಾರೆ. ಒಂದು ಯಂತ್ರಕ್ಕೆ ಕೈಕೆಲಸ ಮುಕ್ಕಾಲು ಗಂಟೆ, ಮೇಲೆ ಒಂದು ರಾತ್ರಿಯ ಪರೀಕ್ಷೆ.

ಬಂದದ್ದನ್ನೆಲ್ಲ ಇಟ್ಟುಕೊಳ್ಳಬಾರದು. ಕೋರ್ 2 ಡ್ಯುಯೋ ಮತ್ತು ಅದಕ್ಕಿಂತ ಹಳೆಯದು ಬೇಡ. ವಿದ್ಯುತ್ ಜಾಸ್ತಿ ತಿನ್ನುತ್ತದೆ, ಇವತ್ತಿನ ವೆಬ್‌ಸೈಟುಗಳ ಭಾರ ಹೊರುವುದಿಲ್ಲ. ಸಿಆರ್‌ಟಿ ಮಾನಿಟರ್ ಅಂತೂ ಬಾಗಿಲಲ್ಲೇ ವಾಪಸ್. ಅದರ ಗಾಜಿನಲ್ಲಿ ಸೀಸವಿದೆ, ಒಮ್ಮೆ ಒಳಗೆ ಬಂದರೆ ವಿಲೇವಾರಿಯ ಹೊಣೆ ನಮ್ಮದಾಗುತ್ತದೆ. 3ನೇ, 4ನೇ ತಲೆಮಾರಿನ ಐ3, ಐ5ಗಳು ಗ್ರಂಥಾಲಯಕ್ಕೆ ಹೇಳಿ ಮಾಡಿಸಿದಂಥವು. ಉಬ್ಬಿದ ಬ್ಯಾಟರಿಯ ಲ್ಯಾಪ್‌ಟಾಪ್ ಬಂದರೆ ಚಾರ್ಜ್‌ಗೆ ಹಾಕದೆ, ಚುಚ್ಚದೆ, ಬ್ಯಾಟರಿ ಬಿಚ್ಚಿ ಮರಳು ತುಂಬಿದ ಡಬ್ಬಿಯಲ್ಲಿಟ್ಟು ನೋಂದಾಯಿತ ಮರುಬಳಕೆದಾರರಿಗೆ ಕೊಡಬೇಕು.

ಕೊಡುವವರನ್ನು ತಡೆಯುವ ದೊಡ್ಡ ಅಳುಕು ಮಾಹಿತಿಯದು. ಗ್ರಾಹಕರ ಖಾತೆ, ವಿದ್ಯಾರ್ಥಿಗಳ ಅಂಕಪಟ್ಟಿ ಡಿಸ್ಕಿನಲ್ಲಿ ಉಳಿದಿರುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಸುಮ್ಮನೆ ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಕಡತಗಳು ಅಳಿಯುವುದಿಲ್ಲ, ಅವುಗಳ ವಿಳಾಸಪಟ್ಟಿಯಷ್ಟೇ ಅಳಿಯುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಎನ್‌ವೈಪ್‌ನಂಥ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆ ಬರೆಸಿ, ಬರೆದದ್ದನ್ನು ಪರಿಶೀಲಿಸಿದರೆ ಸಾಕು. ಏಳು ಸಲ ಬರೆಯಬೇಕೆಂಬುದು ಹಳೆ ಕಾಲದ ನಂಬಿಕೆ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 500 ಜಿಬಿ ಡಿಸ್ಕಿಗೆ ಸೊನ್ನೆ ಬರೆಯಲು ಸುಮಾರು 1 ಗಂಟೆ 25 ನಿಮಿಷ ಹಿಡಿಯುತ್ತದೆ. ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಗೆ ಈ ವಿಧಾನ ನಡೆಯದು. ಅದರೊಳಗೇ ಇರುವ ಸೆಕ್ಯೂರ್ ಇರೇಸ್ ಆದೇಶ ಕೊಡಬೇಕು. ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಹಾಕಿ ದಾನಿಗೆ ಪ್ರಮಾಣಪತ್ರ ಕೊಡಬೇಕು. ಇಷ್ಟಕ್ಕೂ ನಂಬಿಕೆ ಬಾರದ ಬ್ಯಾಂಕಿನವರಿಗೆ ಒಂದು ಸುಲಭ ದಾರಿಯಿದೆ: ಡಿಸ್ಕ್ ಕಿತ್ತಿಟ್ಟುಕೊಂಡು ಉಳಿದದ್ದನ್ನು ಕೊಡಿ. ಹೇಗೂ ನಾವು ಹೊಸ ಎಸ್‌ಎಸ್‌ಡಿ ಹಾಕುವವರು. ಡಿಸ್ಕ್ ಕೂರುವ ಟ್ರೇ, ಅದರ ಸ್ಕ್ರೂ, ಸಾಟಾ ಕೇಬಲ್ ಮಾತ್ರ ಅಲ್ಲೇ ಬಿಡಿ. ಆ ಟ್ರೇ ಪೇಟೆಯಲ್ಲಿ ಸಿಗುವುದಿಲ್ಲ.

ಇನ್ನೂ ಎರಡು ಬೀಗ ದಾನಿಗಳೇ ತೆಗೆದು ಕೊಡಬೇಕು. ಒಂದು ಬಯಾಸ್ ಪಾಸ್‌ವರ್ಡ್, ಅಂದರೆ ವಿಂಡೋಸ್ ಏಳುವ ಮುನ್ನವೇ ಯಂತ್ರ ಕೇಳುವ ಗುಪ್ತಪದ. ಡೆಸ್ಕ್‌ಟಾಪ್‌ನಲ್ಲಿ ಬೋರ್ಡಿನ ಜಂಪರ್ ಸರಿಸಿ ತೆಗೆಯಬಹುದು. ಕಚೇರಿ ದರ್ಜೆಯ ಲ್ಯಾಪ್‌ಟಾಪ್‌ನಲ್ಲಿ ಅದು ಬೇರೊಂದು ಚಿಪ್‌ನಲ್ಲಿ ಕೂತಿರುತ್ತದೆ, ಬೋರ್ಡಿನ ಸೆಲ್ ಬಿಚ್ಚಿದರೂ ಹೋಗುವುದಿಲ್ಲ. ಇನ್ನೊಂದು, ದೊಡ್ಡ ಕಂಪನಿಗಳು ತಮ್ಮ ಯಂತ್ರಗಳನ್ನು ದೂರದಿಂದಲೇ ನಿರ್ವಹಿಸುವ ಮೈಕ್ರೋಸಾಫ್ಟ್ ಆಟೋಪೈಲಟ್‌ನಂಥ ವ್ಯವಸ್ಥೆಯಲ್ಲಿ ಹೆಸರು ಹಚ್ಚಿಟ್ಟಿರುತ್ತವೆ. ಅಲ್ಲಿಂದ ಕಡಿಮೆ ಮಾಡದೆ ಕೊಟ್ಟರೆ ಮತ್ತೆ ವಿಂಡೋಸ್ ಹಾಕಿದ ದಿನ ಹಳೆ ಕಂಪನಿಯ ಲಾಗಿನ್ ಕೇಳುತ್ತ ನಿಲ್ಲುತ್ತದೆ.

ದುರಸ್ತಿಯಲ್ಲಿ ಮೊದಲ ಕೆಲಸ ಧೂಳು. ಊದುವಾಗ ಫ್ಯಾನ್ ಬೆರಳಿನಿಂದ ಹಿಡಿಯಬೇಕು, ಇಲ್ಲವಾದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಅವರೆಕಾಳಿಗಿಂತ ಚಿಕ್ಕದಾಗಿ ಹೊಸದು ಇಡಬೇಕು; ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಮುಟ್ಟುವಾಗ ಇದನ್ನು ಬಿಟ್ಟ ಯಂತ್ರ ಮಧ್ಯಾಹ್ನ ತಾನೇ ಬಂದ್ ಆಗುತ್ತದೆ. ರ‍್ಯಾಮ್ 8 ಜಿಬಿ ಇರಲಿ, 4ರ ಎರಡು ಪಟ್ಟಿ. 4ನೇ ತಲೆಮಾರಿನ ಲ್ಯಾಪ್‌ಟಾಪ್‌ಗೆ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು, 1.5 ವೋಲ್ಟಿನದು ಹಾಕಿದರೆ ಪರದೆ ಕಪ್ಪಗೇ ಇರುತ್ತದೆ. 240 ಜಿಬಿ ಎಸ್‌ಎಸ್‌ಡಿ ಹಾಕಿದರೆ ಎರಡು ನಿಮಿಷ ಕಾಯಿಸುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಏಳುತ್ತದೆ. ಇಡೀ ದುರಸ್ತಿಯಲ್ಲಿ ಕಾಸಿಗೆ ತಕ್ಕ ಫಲ ಕೊಡುವುದು ಇದೇ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಲಿ; ಒಂದೇ ಒಂದು ತಪ್ಪು ತೋರಿಸಿದರೂ ಆ ಪಟ್ಟಿ ಬೇಡ.

ಬೋರ್ಡಿನ ಮೇಲಿನ ಸಿಆರ್2032 ಸೆಲ್ ಬದಲಿಸುವುದನ್ನು ಬಹಳ ಮಂದಿ ಮರೆಯುತ್ತಾರೆ. ಐವತ್ತು ರೂಪಾಯಿಯೊಳಗಿನ ಸಾಮಾನು. ಅದು ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಬ್ರೌಸರ್ ಪ್ರತಿ ಸೈಟಿಗೂ "ಸುರಕ್ಷಿತವಲ್ಲ" ಎನ್ನುತ್ತದೆ, ವಿದ್ಯಾರ್ಥಿವೇತನದ ಅರ್ಜಿ ತೆರೆಯುವುದಿಲ್ಲ. ನೆಟ್ ಇಲ್ಲ ಎಂದು ತಿಳಿದು ಮೇಲ್ವಿಚಾರಕರು ಕವರ್ ಹೊದಿಸಿಬಿಡುತ್ತಾರೆ.

ಒಂದೂರಿಗೆ ಒಂದೇ ಮಾದರಿಯ ಐದು ಯಂತ್ರ ಕೊಡಿ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್‌ಗಳ ಎಸ್‌ಎಂಪಿಎಸ್ (ಒಳಗೆ ವಿದ್ಯುತ್ ಪೂರೈಸುವ ಭಾಗ) ಆಯಾ ಕಂಪನಿಯದೇ ಆಕಾರ, ಅದರದೇ ಪಿನ್ನು. ಪೇಟೆಯ ಸಾದಾ ಎಟಿಎಕ್ಸ್ ಕೂರುವುದಿಲ್ಲ. ಐದೂ ಒಂದೇ ಆಗಿದ್ದರೆ ಸತ್ತ ಆರನೆಯದರಿಂದ ಭಾಗ ಕಿತ್ತು ಹಾಕಬಹುದು. ಹಾಗಾಗಿ ಪ್ರತಿ ಮಾದರಿಯಲ್ಲಿ ಹತ್ತಕ್ಕೊಂದರಂತೆ ಬಿಡಿಭಾಗಕ್ಕೆಂದೇ ಎತ್ತಿಡಬೇಕು. ಮಾನಿಟರ್ ಜೋಡಣೆಯನ್ನೂ ಕೋಣೆಯಲ್ಲೇ ನೋಡಿ ಕಳಿಸಿ. ಪುಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಹಲವಕ್ಕೆ ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತದೆ, ಹಳೆ ಮಾನಿಟರ್‌ಗೆ ವಿಜಿಎ ಮಾತ್ರ. ನಡುವಿನ ಆಕ್ಟಿವ್ ಅಡಾಪ್ಟರ್ ಇಲ್ಲದೆ ಹೋದರೆ ಉದ್ಘಾಟನೆಯ ದಿನವೇ ಫಜೀತಿ.

ಈಗ ಕರೆಂಟಿನ ಮಾತು. ಹಳ್ಳಿಯಲ್ಲಿ ಕಂಪ್ಯೂಟರ್ ಕೆಡಲು ಇದಕ್ಕಿಂತ ದೊಡ್ಡ ಕಾರಣವಿಲ್ಲ, ಯೋಜನಾ ವರದಿಗಳಲ್ಲಿ ಇದಕ್ಕಿಂತ ಕಡಿಮೆ ಜಾಗ ಸಿಗುವ ವಿಷಯವೂ ಇಲ್ಲ.

ಅರ್ತಿಂಗ್ ಇಲ್ಲದ ಪ್ಲಗ್ಗಿಗೆ ಹಾಕಿದ ಕಂಪ್ಯೂಟರಿನ ತಗಡು ಮುಟ್ಟಿದರೆ ಜುಂ ಎನ್ನುತ್ತದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಡಬ್ಬಿಯನ್ನು ಫೇಸ್ ಮತ್ತು ನ್ಯೂಟ್ರಲ್‌ಗಳ ನಡುಮಧ್ಯಕ್ಕೆ, ಅಂದರೆ 115 ವೋಲ್ಟ್ ಆಸುಪಾಸಿಗೆ, ತಂದು ನಿಲ್ಲಿಸುವುದರಿಂದ ಹೀಗಾಗುತ್ತದೆ. ಹರಿಯುವ ಕರೆಂಟ್ ತೀರ ಅಲ್ಪ; ಆದರೆ ಬರಿಗಾಲಿನಲ್ಲಿ ಬಂದ ಹುಡುಗಿಯೊಬ್ಬಳಿಗೆ ಒಮ್ಮೆ ಜುಂ ಎಂದರೆ ಅವಳೂ ಬರುವುದಿಲ್ಲ, ಅವಳ ಗೆಳತಿಯರೂ ಬರುವುದಿಲ್ಲ. ಯಂತ್ರ ಇಳಿಸುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಿ: ಫೇಸ್‌ನಿಂದ ನ್ಯೂಟ್ರಲ್‌ಗೆ 230 ಇದ್ದರೆ ಫೇಸ್‌ನಿಂದ ಅರ್ತ್‌ಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು, ನ್ಯೂಟ್ರಲ್‌ನಿಂದ ಅರ್ತ್‌ಗೆ 5 ವೋಲ್ಟ್ ಮೀರಬಾರದು. ಫೇಸ್-ಅರ್ತ್ ನಡುವೆ 60, 80 ತೋರಿಸಿದರೆ ಅಲ್ಲಿ ಅರ್ತ್ ಇಲ್ಲವೆಂದೇ ಅರ್ಥ. ಡೋಣಿ ನದಿ ದಂಡೆಯ ಯರಿ (ಕಪ್ಪು ಮಣ್ಣಿನ) ಭೂಮಿಯಲ್ಲಿ ಇನ್ನೊಂದು ತಾಪತ್ರಯ: ಮಳೆಗಾಲದಲ್ಲಿ ಅಳೆದರೆ ಅರ್ತ್ ಚೊಕ್ಕ, ಬೇಸಿಗೆಯಲ್ಲಿ ಮಣ್ಣು ಬಿರಿದು ಸಲಾಕೆಯಿಂದ ದೂರ ಸರಿದಾಗ ಸಂಪರ್ಕವೇ ಹೋಗಿರುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಅರ್ತ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕುವುದು ಯಾರ ಕೆಲಸ ಎಂದು ಬರೆದಿಡಿ.

ಐದು ಡೆಸ್ಕ್‌ಟಾಪ್, ಮಾನಿಟರ್ ಸೇರಿ ತಲಾ 60 ವ್ಯಾಟ್ ಎಂದರೆ 300 ವ್ಯಾಟ್. 12 ವೋಲ್ಟ್ 150 ಎಎಚ್ ಇನ್ವರ್ಟರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್‌ಅವರ್ ಇದ್ದರೂ ಅರ್ಧಕ್ಕಿಂತ ಹೆಚ್ಚು ಹೀರಿದರೆ ಅದರ ಆಯುಷ್ಯ ಇಳಿಯುತ್ತದೆ. ನಷ್ಟ ಕಳೆದು 750 ಕೈಗೆ ಸಿಕ್ಕೀತು. ಅಂದರೆ ಎರಡೂವರೆ ಗಂಟೆ. ಅದೇ ಪುಟ್ಟ ಡೆಸ್ಕ್‌ಟಾಪ್‌ಗಳಾದರೆ ಮಾನಿಟರ್ ಸೇರಿ ತಲಾ 35 ವ್ಯಾಟ್, ನಾಲ್ಕು ಗಂಟೆಗೂ ಮೇಲೆ ನಡೆಯುತ್ತವೆ. ಹೆಸ್ಕಾಂ ಕರೆಂಟ್ ಹೆಚ್ಚು ಹೋಗುವ ಊರುಗಳಿಗೆ ಅವುಗಳನ್ನೇ ಮೀಸಲಿಡಿ. ಇನ್ವರ್ಟರ್ ಸೈನ್‌ವೇವ್ ಆಗಿರಲಿ, ಹಿಂದಿನ ಸ್ವಿಚ್ಚು ಯುಪಿಎಸ್ ಮೋಡ್‌ನಲ್ಲಿರಲಿ. ಇಕೋ ಮೋಡ್‌ನಲ್ಲಿದ್ದರೆ ಬದಲಾಗುವ ಆ ಕ್ಷಣದಲ್ಲೇ ಎಲ್ಲ ಯಂತ್ರ ರೀಸ್ಟಾರ್ಟ್ ಆಗುತ್ತವೆ, ಬ್ಯಾಟರಿ ಸರಿಯಿಲ್ಲ ಎಂದು ಅಂಗಡಿಯವನ ಜೊತೆ ಜಗಳ ಶುರುವಾಗುತ್ತದೆ.

ತಂತ್ರಾಂಶಕ್ಕೆ ಬರೋಣ. ವಿಂಡೋಸ್ 11ನ್ನು ಹಿಂಬಾಗಿಲಿನಿಂದ ತುರುಕುವ ಉಪಾಯಗಳಿವೆ. ಸಾರ್ವಜನಿಕ ಗ್ರಂಥಾಲಯಕ್ಕೆ ಅವು ಬೇಡ, ಯಾವ ಅಪ್‌ಡೇಟ್‌ಗೆ ಯಾವಾಗ ನಿಲ್ಲುತ್ತದೋ ಹೇಳಲಾಗದು. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಎಂಬ ಕಾರ್ಯಾಚರಣಾ ವ್ಯವಸ್ಥೆಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. 2029ರವರೆಗೆ ಅಪ್‌ಡೇಟ್ ಇದೆ, ದುಡ್ಡಿಲ್ಲ. ಒಂದು ಯಂತ್ರವನ್ನು ಪೂರ್ತಿ ಸಿದ್ಧಪಡಿಸಿ ಕ್ಲೋನ್‌ಜಿಲ್ಲಾದಿಂದ ಅದರ ಪ್ರತಿ ತೆಗೆದರೆ ಗಿಗಾಬಿಟ್ ಸ್ವಿಚ್ ಮೂಲಕ ಇಪ್ಪತ್ತಕ್ಕೆ ಒಟ್ಟಿಗೇ ಇಳಿಸಬಹುದು. ಆಮೇಲೆ ಪ್ರತಿಯೊಂದಕ್ಕೂ ಬೇರೆ ಹೆಸರು ಕೊಡುವುದನ್ನು ಮರೆಯಬಾರದು.

ಕನ್ನಡದ ವ್ಯವಸ್ಥೆ ತಾನಾಗಿ ಬರುವುದಿಲ್ಲ, ಕೂರಿಸಬೇಕು. ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿದರೆ ಕೆಜಿಪಿ ಕೀಲಿಮಣೆ ಸಿಗುತ್ತದೆ. ನುಡಿಯಲ್ಲಿ ಟೈಪ್ ಮಾಡಿ ರೂಢಿಯಿರುವವರ ಬೆರಳಿಗೆ ಅದೇ ವಿನ್ಯಾಸ. ಗುಬ್ಬಿ, ನವಿಲು, ನೋಟೊ ಫಾಂಟ್‌ಗಳೂ ಇರಲಿ. ಪಂಚಾಯಿತಿಗಳಲ್ಲಿ ಇನ್ನೂ ಓಡಾಡುವ ಹಳೆ ನುಡಿ ಕಡತಗಳು ಯುನಿಕೋಡ್‌ನಲ್ಲಿಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಪೌಂಡ್ ಗುರುತು, ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳ ಜಾತ್ರೆ ಕಾಣುತ್ತದೆ, ಫೈಲು ಕೆಟ್ಟಿದೆ ಎಂದು ಜನ ಅಳಿಸಿಬಿಡುತ್ತಾರೆ. ಓದಲು ಹಳೆ ಫಾಂಟ್, ಬದಲಿಸಲು ಯುನಿಕೋಡ್ ಪರಿವರ್ತಕ, ಎರಡೂ ಇಡಿ. ಮೆನುಗಳೆಲ್ಲ ಕನ್ನಡದಲ್ಲೇ ಇರಬೇಕೆಂಬ ಹಟ ನಮಗಿಲ್ಲ. ಅನುವಾದ ಅರ್ಧಂಬರ್ಧವಿರುವ ಕಡೆ ಕಲಿಯುವವರಿಗೆ ಗೊಂದಲವೇ ಹೆಚ್ಚು. ಕಣ್ಣು ಕಾಣದ ಓದುಗರಿಗೆ ಓರ್ಕಾ ಮತ್ತು ಇಸ್ಪೀಕ್ ಎನ್‌ಜಿ ಹಾಕಿ ಒಂದು ಹೆಡ್‌ಫೋನ್ ಇಡಿ; ಕನ್ನಡ ಓದುತ್ತದೆ, ಧ್ವನಿ ಒರಟು, ಆದರೂ ಅರ್ಥವಾಗುತ್ತದೆ.

ಪ್ರತಿ ಓದುಗರೂ ಅತಿಥಿ ಖಾತೆಯಲ್ಲೇ ಕೂರಲಿ. ಎದ್ದು ಹೋದಾಗ ಅದು ಎಲ್ಲವನ್ನೂ ಅಳಿಸುತ್ತದೆ. ಇಲ್ಲವಾದರೆ ಡೌನ್‌ಲೋಡ್ ಫೋಲ್ಡರಿನಲ್ಲಿ ಊರವರ ಆಧಾರ್, ಜಾತಿ-ಆದಾಯ ಪ್ರಮಾಣಪತ್ರಗಳು ರಾಶಿ ಬಿದ್ದಿರುತ್ತವೆ. ಪ್ರಿಂಟರ್ ಬಗ್ಗೆ ಒಂದೇ ಮಾತು: ಕಚೇರಿಗಳಲ್ಲಿ ಎಲ್ಲೆಲ್ಲೂ ಇರುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸ್ ಜೊತೆ ಬಹಳ ಸತಾಯಿಸುತ್ತದೆ, ಅದನ್ನು ದಾನ ಪಡೆಯುವ ಮುನ್ನ ಯೋಚಿಸಿ.

ಭಾರತ್‌ನೆಟ್ ಫೈಬರ್ ರಸ್ತೆ ಅಗೆತಕ್ಕೆ ಸಿಕ್ಕು ಕಡಿದ ದಿನವೂ ಕೆಲಸ ನಿಲ್ಲಬಾರದು. ಐದರಲ್ಲಿ ಗಟ್ಟಿಯಾದ ಒಂದನ್ನು ಸರ್ವರ್ ಮಾಡಿ, 1 ಟಿಬಿ ಡಿಸ್ಕ್ ಹಾಕಿ, ನೆಟ್ ಇಲ್ಲದೆಯೂ ಓದಿಸುವ ಕಿವಿಕ್ಸ್ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯ, ವಚನಗಳಿರುವ ವಿಕಿಸೋರ್ಸ್, ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳು, ಹಿಂದಿನ ಸ್ಪರ್ಧಾತ್ಮಕ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳನ್ನು ಇಟ್ಟರೆ ಉಳಿದ ನಾಲ್ಕೂ ಕೇಬಲ್ ಮೂಲಕ ಓದುತ್ತವೆ. ಮೂರು ತಿಂಗಳಿಗೊಮ್ಮೆ ಪೆನ್‌ಡ್ರೈವ್‌ನಲ್ಲಿ ಹೊಸ ಪ್ರತಿ ಒಯ್ದರಾಯಿತು. ಇಂಗ್ಲಿಷ್ ವಿಕಿಪೀಡಿಯ ಚಿತ್ರ ಸಮೇತ 100 ಜಿಬಿ ಮೀರುತ್ತದೆ, ಆದರೂ ಹಿಡಿಸುತ್ತದೆ.

ಗ್ರಂಥಾಲಯ ಮೇಲ್ವಿಚಾರಕರನ್ನು ಎಂಜಿನಿಯರ್ ಮಾಡುವ ಅಗತ್ಯವಿಲ್ಲ. ಕೇಬಲ್ ಬಿಚ್ಚಿ ಹಾಕುವುದು, ತಾರೀಖು ನೋಡುವುದು, ಪೆನ್‌ಡ್ರೈವ್‌ನಿಂದ ಮೂಲ ಸ್ಥಿತಿಗೆ ತರುವುದು ಬಂದರೆ ಹೆಚ್ಚಿನ ದೂರುಗಳು ಅಲ್ಲೇ ಮುಗಿಯುತ್ತವೆ. ಉಳಿದವಕ್ಕೆ ತಾಲ್ಲೂಕಿಗೊಬ್ಬ ತಂತ್ರಜ್ಞ, ಅವನ ಚೀಲದಲ್ಲಿ ಮೌಸ್, ಕೀಬೋರ್ಡ್, ಒಂದು ಎಸ್‌ಎಂಪಿಎಸ್, ಎರಡು ಎಸ್‌ಎಸ್‌ಡಿ.

ದುಡ್ಡು ಎಲ್ಲಿಂದ? ಕಂಪನಿಗಳು ಹಳೆ ಸಾಮಾನಿಗೆ ಬೆಲೆ ಕಟ್ಟಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆ) ಖರ್ಚೆಂದು ತೋರಿಸುವಂತಿಲ್ಲ. ವಸ್ತುರೂಪದ ಕೊಡುಗೆಯನ್ನು ಹಣವೆಂದು ಲೆಕ್ಕ ಹಾಕಲಾಗದು ಎಂದು ಕಂಪನಿ ವ್ಯವಹಾರಗಳ ಸಚಿವಾಲಯ ಸ್ಪಷ್ಟಪಡಿಸಿದೆ. ಆದರೆ ಎಸ್‌ಎಸ್‌ಡಿ, ರ‍್ಯಾಮ್, ಬ್ಯಾಟರಿ, ಅರ್ತಿಂಗ್, ತಂತ್ರಜ್ಞರ ಸಂಬಳ ಇವೆಲ್ಲ ನಿಜವಾದ ಖರ್ಚು, ಶಿಕ್ಷಣದ ಬಾಬ್ತಿನಲ್ಲಿ ಬರುವಂಥವು. ಯಂತ್ರದ ಜೊತೆ ಈ ಖರ್ಚನ್ನೂ ಕೊಡುವ ಕಂಪನಿಗೇ ಮೊದಲ ಮಣೆ ಹಾಕಿ. ಬರೀ ಯಂತ್ರ ಕೊಟ್ಟು ಫೋಟೊ ತೆಗೆಸಿಕೊಳ್ಳುವವರು ಸರದಿಯಲ್ಲಿ ಕಾಯಲಿ.

ಕೊನೆಗೆ ಲೆಕ್ಕ. ಎಷ್ಟು ಕಂಪ್ಯೂಟರ್ ವಿತರಿಸಿದೆವು ಎಂಬ ಅಂಕಿ ನಮಗೆ ಬೇಡ. ಪ್ರತಿ ಎಸ್‌ಎಸ್‌ಡಿ ತಾನು ಒಟ್ಟು ಎಷ್ಟು ಗಂಟೆ ಚಾಲೂ ಇತ್ತು ಎಂಬುದನ್ನು ತನ್ನೊಳಗೇ ಬರೆದುಕೊಳ್ಳುತ್ತದೆ. ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ 9 ಎಂಬ ಗುರುತುಸಂಖ್ಯೆಯ ಸಾಲು ಇದು. ತೀರ ಅಗ್ಗದ ಕೆಲವು ಇದನ್ನು ಸರಿಯಾಗಿ ಎಣಿಸುವುದಿಲ್ಲ, ಖರೀದಿಗೆ ಮುಂಚೆ ಒಂದನ್ನು ತಂದು ನೋಡಬೇಕು. ಕೊಡುವ ದಿನ ಆ ಅಂಕಿ ಬರೆದಿಡಿ, ಆರು ತಿಂಗಳಿಗೆ ಮತ್ತೆ ಓದಿ. ದಿನಕ್ಕೆ 5 ಗಂಟೆ, ತಿಂಗಳಿಗೆ 25 ದಿನ ಗ್ರಂಥಾಲಯ ತೆರೆದಿದ್ದರೆ 750 ಗಂಟೆ ಆಗಿರಬೇಕು. 500 ಇದ್ದರೆ ಸಂತೋಷ. 40 ಇದ್ದರೆ ಕರೆಂಟೋ, ಬೀಗವೋ, ಮನುಷ್ಯರೋ ಎಂದು ಹೋಗಿ ನೋಡಿ. ಸರಿಪಡಿಸಲಾಗದಿದ್ದರೆ ಆ ಐದನ್ನೂ ಎತ್ತಿ ಬೇರೆ ಊರಿಗೆ ಕೊಡಿ. ನಿಮ್ಮ ತ್ರೈಮಾಸಿಕ ಪರಿಶೀಲನಾ ನಮೂನೆಯಲ್ಲಿ ಈ ಒಂದು ಕಾಲಂ ಸೇರಿಸಬೇಕೆಂದು ಕೋರುತ್ತೇವೆ.

ಇಂತಿ,
ಕಂಪ್ಯೂಟರ್ ದುರಸ್ತಿ ಮತ್ತು ಗ್ರಂಥಾಲಯ ಕೆಲಸದಲ್ಲಿರುವ ಕೆಲವರು
ವಿಜಯಪುರ